ಮೇಜಿನ ಮೇಲೆ ಉಳಿದ ಕಾಗದ

ಅಲ್ ಖೈದಾ ಹುಟ್ಟಿದ ಬಗೆಯನ್ನೂ ಅದರ ಬೆನ್ನು ಹತ್ತಿದ ತನಿಖೆಗಾರರ ಪಾಡನ್ನೂ ಒಟ್ಟಿಗೆ ಹೇಳುವ ಇಂಗ್ಲಿಷ್ ಗ್ರಂಥ, ಲಾರೆನ್ಸ್ ರೈಟ್ ಅವರ 'ದಿ ಲೂಮಿಂಗ್ ಟವರ್' (2006). 2007ರಲ್ಲಿ ಇದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಈಜಿಪ್ಟಿನ ಸಯ್ಯಿದ್ ಕುತುಬ್ 1948ರಲ್ಲಿ ಅಮೆರಿಕಕ್ಕೆ ಹಡಗು ಹತ್ತುವಲ್ಲಿ ಕಥೆ ತೊಡಗುತ್ತದೆ. 1966ರಲ್ಲಿ ಅವರನ್ನು ಗಲ್ಲಿಗೇರಿಸಿದರೂ ಅವರ ಬರಹ ಉಳಿಯಿತು. ಅದನ್ನೋದಿ ಬೆಳೆದ ವೈದ್ಯ ಜವಾಹಿರಿಯೂ ಹಣವಂತ ಬಿನ್ ಲಾಡೆನ್ನನೂ ಅಫ್ಘಾನ್ ಯುದ್ಧದ ನೆರಳಲ್ಲಿ ಕೂಡಿದ ಪರಿಯನ್ನು ಲೇಖಕರು ಚೆನ್ನಾಗಿ ಬಿಡಿಸಿದ್ದಾರೆ.

ಆದರೆ ಗುಮಾಸ್ತನಾದ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಕಾಗದ. ಅಲ್ ಖೈದಾದ ಮಿಹ್ದಾರ್ ಎಂಬವನಲ್ಲಿ ಅಮೆರಿಕದ ವೀಸಾ ಇದೆಯೆಂದು 2000ದ ಜನವರಿಯಲ್ಲೇ ಸಿ.ಐ.ಎ.ಗೆ ತಿಳಿದಿತ್ತು. ಒಳನಾಡಿನ ತನಿಖೆ ನಡೆಸುವ ಎಫ್.ಬಿ.ಐ.ಗೆ ಅದನ್ನು ತಿಳಿಸುವ ಟಿಪ್ಪಣಿಯೂ ಸಿದ್ಧವಾಯಿತು, ಮೇಲಿನವರು ತಡೆಹಿಡಿದರು. ಅದೇ ಅಕ್ಟೋಬರಿನಲ್ಲಿ ಏಡನ್ ಬಂದರಿನಲ್ಲಿ ಕೋಲ್ ಹಡಗಿನ 17 ನಾವಿಕರು ಸತ್ತರು. ತನಿಖಾಧಿಕಾರಿ ಅಲಿ ಸೂಫಾನ್ ಮತ್ತೆ ಮತ್ತೆ ಕೇಳಿದರೂ ಸಿ.ಐ.ಎ. ಬಾಯಿಬಿಡಲಿಲ್ಲ. 2001ರ ಸೆಪ್ಟೆಂಬರ್ 11ರಂದು ಪೆಂಟಗನ್‌ಗೆ ಬಡಿದ ವಿಮಾನದಲ್ಲಿ ಮಿಹ್ದಾರ್ ಇದ್ದ. ಎಫ್.ಬಿ.ಐ. ತೊರೆದು ವರ್ಲ್ಡ್ ಟ್ರೇಡ್ ಸೆಂಟರಿನ ಭದ್ರತೆ ವಹಿಸಿಕೊಂಡಿದ್ದ ಜಾನ್ ಓನೀಲ್ ಅಂದು ಅಲ್ಲೇ ಮಡಿದರು.

ಒಂದು ಕೊರತೆ ಹೇಳಲೇಬೇಕು. ಓನೀಲರ ಪ್ರಣಯ ಪ್ರಸಂಗಗಳಿಗೆ ಕೊಟ್ಟ ಪುಟಗಳಲ್ಲಿ ಕೆಲವನ್ನು 1998ರಲ್ಲಿ ನೈರೋಬಿಯಲ್ಲಿ ಸತ್ತ 200ಕ್ಕೂ ಮಿಕ್ಕ ಜನರಿಗೆ ಕೊಡಬಹುದಿತ್ತು.

ನಮ್ಮ ಸಂಘದಲ್ಲಿ ಕಚೇರಿಯ ಅನ್ನ ತಿನ್ನುವವರೇ ಹೆಚ್ಚು. 'ಇದು ನಮ್ಮ ವಿಭಾಗದ್ದಲ್ಲ' ಎಂದು ನಾನೂ ಎಷ್ಟೋ ಕಡತ ಕಟ್ಟಿಟ್ಟವನೇ. ಈ ಪುಸ್ತಕ ಓದಿದ ಮೇಲೆ ಕೈ ಅಷ್ಟು ಸಲೀಸಾಗಿ ದಾರ ಬಿಗಿಯುತ್ತಿಲ್ಲ.