ಮೊರದಗಲದ ಕನ್ನಡಿ

ಬೇಸಿಗೆಯಲ್ಲಿ ದೇವದುರ್ಗ, ಮಾನ್ವಿ ಕಡೆ ಮಾಳಿಗೆ ಮೇಲೆ ಮಲಗಿದರೆ ಚುಕ್ಕಿಗಳೇ ಹೊದಿಕೆ. ಆದರೂ ಅವುಗಳ ಕ್ಷಕಿರಣ, ಬಹುಪಾಲು ಅತಿನೇರಳೆ ಬೆಳಕು ನೆಲ ಮುಟ್ಟುವುದಿಲ್ಲ. ವಾತಾವರಣ ಮೇಲೆಯೇ ತಡೆಯುತ್ತದೆ. ಅದರಾಚೆ ನಿಂತು ನೋಡಲೆಂದೇ ಇಸ್ರೊ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹ ಹಾರಿಸಿತು. ಎತ್ತರ ಸುಮಾರು 650 ಕಿ.ಮೀ.; ಉಪಕರಣಗಳು ಐದು. ಒಂದೇ ಆಕಾಶಕಾಯವನ್ನು ಏಕಕಾಲಕ್ಕೆ ಹಲವು ಬೆಳಕುಗಳಲ್ಲಿ ನೋಡುವುದೇ ಇದರ ಜಾಣ್ಮೆ.

ನನಗೆ ಅಕ್ಕರೆ ಇದರ ಅವಳಿ ಅತಿನೇರಳೆ ದೂರದರ್ಶಕದ ಮೇಲೆ. ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯವರು. ಕನ್ನಡಿಗಳ ಅಗಲ ಬರೀ 37.5 ಸೆಂ.ಮೀ., ಜೋಳ ಕೇರುವ ಮೊರದಷ್ಟು! ಅಷ್ಟರಲ್ಲೇ ಅದು ಹಿಡಿದ, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಬೆಳಕಿನ ಸುದ್ದಿ 2020ರಲ್ಲಿ ಹೊರಬಂತು. ಕತ್ತಲನ್ನು ತೂರಿ ಕಾಳು ಉಳಿಸಿಕೊಳ್ಳುವುದೆಂದರೆ ಇದೇ.