ಇಪ್ಪತ್ತು ಹೆಜ್ಜೆಯ ದಾರಿ

ಹೊಸಿಲು ಎಡವಿ ಬಿದ್ದಾಗಲೆಲ್ಲ ಅಜ್ಜಿ ನನ್ನ ಮಂಡಿ ಉಜ್ಜುತ್ತ ಗದರುತ್ತಿದ್ದರು: ‘ಮೈಮೇಲೆ ಎಚ್ಚರ ಇಲ್ವೇನೋ?’ ಧ್ಯಾನದ ಬಗ್ಗೆ ಎಷ್ಟು ಓದಿದರೂ ನನಗೆ ಇದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ. ಬೌದ್ಧರ ಸತಿಪಟ್ಠಾನ ಸುತ್ತ ಎಂಬ ಉಪದೇಶ ಹೇಳುವ ನಾಲ್ಕು ಬಗೆಯ ಎಚ್ಚರಗಳಲ್ಲಿ ಮೊದಲನೆಯದು ಮೈಯ ಮೇಲಿನದೇ. ನಡೆಯುವಾಗ ನಡೆಯುತ್ತಿರುವುದರ ಪರಿವೆ ಇರುವುದೂ ಅದರಲ್ಲಿ ಸೇರಿದೆ.

ಈ ವಾರ ಆ ನಡಿಗೆಯ ರುಚಿ ಹತ್ತಿಸಬೇಕೆಂದಿದ್ದೇನೆ. ಅದರ ಹೆಸರು ಚಂಕ್ರಮಣ, ಪಾಲಿಯಲ್ಲಿ ಚಂಕಮ. ಒಂದೇ ದಾರಿಯಲ್ಲಿ ಹೋಗಿ, ನಿಂತು, ತಿರುಗಿ, ಮತ್ತೆ ಬರುವುದು. ಬೋಧಗಯೆಯ ಮಹಾಬೋಧಿ ದೇಗುಲದ ಉತ್ತರ ಮಗ್ಗುಲಲ್ಲಿ ಕಲ್ಲಿನ ಕಮಲಗಳ ಸಾಲೊಂದಿದೆ. ಜ್ಞಾನೋದಯದ ನಂತರ ಒಂದು ವಾರವನ್ನು ಬುದ್ಧ ಅಲ್ಲಿ ಹೆಜ್ಜೆ ಹಾಕುತ್ತಲೇ ಕಳೆದನೆಂಬ ನಂಬಿಕೆಯ ಗುರುತು ಅದು. ಬೌದ್ಧ ಗ್ರಂಥವಾದ ಅಂಗುತ್ತರ ನಿಕಾಯದಲ್ಲಿ ಚಂಕಮದ ಐದು ಫಲಗಳ ಪಟ್ಟಿಯಿದೆ: ದೂರದ ಪಯಣಕ್ಕೆ ತ್ರಾಣ, ಸಾಧನೆಗೆ ಕಸುವು, ಆರೋಗ್ಯ, ಉಂಡದ್ದು ಅರಗುವುದು, ಕೊನೆಯದಾಗಿ ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ಬಾಳುವುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಐದನೆಯದು. ಕಣ್ಣು ತೆರೆದು, ಕಾಲಾಡಿಸುತ್ತ ಗಳಿಸಿದ ಎಚ್ಚರ ಅಡುಗೆಮನೆಗೂ ಬಸ್‌ಸ್ಟ್ಯಾಂಡಿಗೂ ಜೊತೆಗೆ ಬರುತ್ತದೆ.

ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ (1904–1982) ಈ ನಡಿಗೆಯನ್ನು ಕೂತು ಮಾಡುವ ಧ್ಯಾನದ ಸರಿಸಮಕ್ಕೆ ತಂದರು. ಅವರ ಪದ್ಧತಿಯ ಶಿಬಿರಗಳಲ್ಲಿ ಒಂದು ತಾಸು ನಡಿಗೆ, ಒಂದು ತಾಸು ಕೂರುವುದು, ದಿನವಿಡೀ. ಆರಂಭದಲ್ಲಿ ಮನಸ್ಸಿನಲ್ಲೇ ‘ಎಡ, ಬಲ’ ಎಂದುಕೊಂಡರೆ ಸಾಕು. ಆಮೇಲೆ ‘ಎತ್ತು, ಸಾಗಿಸು, ಇಡು’. ಪಳಗಿದವರಿಗೆ ಒಂದೇ ಹೆಜ್ಜೆ ಆರಾಗಿ ಬಿಡಿಸಿಕೊಳ್ಳುತ್ತದೆ: ಹಿಮ್ಮಡಿ ಏಳುವುದು, ಪಾದ ಏಳುವುದು, ಮುಂದೆ ಸಾಗುವುದು, ಇಳಿಯುವುದು, ನೆಲ ಮುಟ್ಟುವುದು, ಭಾರ ಊರುವುದು.

ಮನೆಯಲ್ಲಿ ಮಾಡುವವರಿಗೆ ಇಪ್ಪತ್ತು ಹೆಜ್ಜೆ ಹಿಡಿಸುವ ಜಾಗ ಸಾಕು. ತಾರಸಿಯಾದರೆ ಲೇಸು, ಹಜಾರವೂ ಆದೀತು. ಬರಿಗಾಲು ಇರಲಿ, ಬೆಳಗಿನ ನೆಲದ ತಣ್ಪು ಅಂಗಾಲಿಗೆ ತಾಗಬೇಕು. ಕೈ ಕಟ್ಟಿಕೊಳ್ಳಿ. ನೋಟ ನಾಲ್ಕೈದು ಅಡಿ ಮುಂದಿರಲಿ. ತೂಕ ತಪ್ಪುವ ಭಯವಿದ್ದವರು ಗೋಡೆಯ ಪಕ್ಕದಲ್ಲಿ ನಡೆಯಿರಿ, ನಿಧಾನ ಮಾಡಲೇಬೇಕೆಂಬ ಹಟ ಬೇಡ. ಮನಸ್ಸು ಓಡಿಹೋದದ್ದು ತಿಳಿದಾಗ ನಿಂತು, ಅದು ಹೋದದ್ದನ್ನು ಗುರುತಿಸಿ, ಮತ್ತೆ ಪಾದಕ್ಕೆ ಬನ್ನಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ತಿರುವನ್ನು ಕಾಯಿರಿ. ನಡುದಾರಿಯಲ್ಲಿ ನೆಟ್ಟಗಿದ್ದ ಗಮನ ಜಾರುವುದು ದಾರಿ ಮುಗಿದಾಗಲೇ. ಅಲ್ಲಿ ಎರಡು ಉಸಿರು ನಿಲ್ಲಿ. ಎರಡು ಪಾದಗಳ ಮೇಲೆ ಮೈಯ ಭಾರ ಹೇಗೆ ಹಂಚಿದೆ, ನೋಡಿ. ಆಮೇಲೆ ತಿರುಗಿ.

ಕಳೆದ ಮಳೆಗಾಲದ ಒಂದು ಬೆಳಗ್ಗೆ ಆಪ್ತರೊಬ್ಬರ ಜೊತೆ ಫೋನಿನಲ್ಲಿ ಬಿರುಸಾಗಿ ಮಾತಾಡಿ ತಾರಸಿಗೆ ಹೋದೆ. ನನಗೇನೂ ಆಗಿಲ್ಲ ಎಂದೇ ಅಂದುಕೊಂಡಿದ್ದೆ. ಮೂರನೆಯ ತಿರುವಿನಲ್ಲಿ ನಿಂತಾಗ ತಿಳಿಯಿತು, ಅಷ್ಟು ಹೊತ್ತೂ ನನ್ನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ದವಡೆ ಬಿಗಿದಿತ್ತು. ಸಿಟ್ಟು ನನಗಿಂತ ಮೊದಲು ಕಾಲಿಗೆ ಗೊತ್ತಾಗಿತ್ತು. ಇನ್ನೂ ಹತ್ತು ಸುತ್ತು ನಡೆದೆ. ಹಿಮ್ಮಡಿಯ ಸದ್ದು ನಿಂತ ಮೇಲೆ ಕೆಳಗಿಳಿದು ಮತ್ತೆ ಫೋನ್ ಮಾಡಿದೆ.