ಗ್ರಹಗಳ ಸದ್ದು: ಕೇಳಿದ್ದೆಷ್ಟು, ಕಟ್ಟಿದ್ದೆಷ್ಟು?

ಶಬ್ದದ ಪಾಠ ಮಾಡುವಾಗ 'ಗ್ರಹಗಳ ಧ್ವನಿ' ಎಂಬ ಹೆಸರಿನ ಧ್ವನಿಮುದ್ರಿಕೆಗಳನ್ನು ಮಕ್ಕಳಿಗೆ ಕೇಳಿಸುವ ಆಸೆ ನಿಮಗೂ ಆಗಿರಬಹುದು. ಚನ್ನಗಿರಿಯಲ್ಲಾಗಲಿ ಜಗಳೂರಿನಲ್ಲಾಗಲಿ ಈಗ ಅದಕ್ಕೆ ಒಂದು ಮೊಬೈಲ್ ಸಾಕು. ಧಾರಾಳವಾಗಿ ಕೇಳಿಸಿ. ಆದರೆ ಇವೆಲ್ಲ ಒಂದೇ ಜಾತಿಯವಲ್ಲ.

2021ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಗ್ಯಾನಿಮೀಡ್‌ನ 'ಸದ್ದ'ನ್ನೇ ತೆಗೆದುಕೊಳ್ಳಿ. ಗುರುವಿನ ಆ ಉಪಗ್ರಹದ ಬಳಿ ಹಾದುಹೋದ ಜೂನೋ ನೌಕೆ ಅಳೆದದ್ದು ವಿದ್ಯುತ್ಕಾಂತೀಯ ಅಲೆಗಳನ್ನು. ಅವುಗಳ ಆವೃತ್ತಿಯನ್ನು ಇಳಿಸಿ ಕಿವಿಗೆ ಕೇಳುವಂತೆ ಮಾಡಿದ್ದಾರೆ. ಅದು ಕಿವಿಗಾಗಿ ಬರೆದ ಗ್ರಾಫ್ ಅಷ್ಟೆ. ಶಬ್ದದ ಪಾಠಕ್ಕೆ ಉದಾಹರಣೆಯಾಗಲಾರದು. 2005ರ ಜನವರಿ 14ರಂದು ಶನಿಯ ಉಪಗ್ರಹ ಟೈಟನ್‌ನಲ್ಲಿ ಇಳಿದ ಹೈಗೆನ್ಸ್‌ನ ಧ್ವನಿಮುದ್ರಿಕೆ ನಡುವಿನದು. ಮೈಕ್ರೊಫೋನ್ ನಿಜ, ಆದರೆ ನಾವು ಕೇಳುವುದು ಬಿಡಿ ಬಿಡಿ ಅಳತೆಗಳಿಂದ ಪ್ರಯೋಗಾಲಯದಲ್ಲಿ ಮತ್ತೆ ಜೋಡಿಸಿದ ಸದ್ದು.

ಮಂಗಳನಲ್ಲಿ 2021ರ ಫೆಬ್ರವರಿಯಲ್ಲಿ ಇಳಿದ ಪರ್ಸೆವೆರೆನ್ಸ್ ಕಳಿಸಿದ ಸದ್ದುಗಳ ಮಾತೇ ಬೇರೆ. ಗಾಳಿ ಬೀಸಿದ್ದು, ಲೇಸರ್ ಬಡಿತಕ್ಕೆ ಕಲ್ಲು ಟಿಕ್ ಎಂದದ್ದು, ಎಲ್ಲವೂ ಅಲ್ಲಿಯ ವಾಯುಮಂಡಲದಲ್ಲಿ ಹಾದುಬಂದವು. ಆ ಟಿಕ್‌ನಿಂದಲೇ ವೇಗವನ್ನೂ ಅಳೆದರು. ಲೇಸರ್ ಹೊಡೆದ ಕ್ಷಣ ಗೊತ್ತು, ಕಲ್ಲಿನ ದೂರ ಗೊತ್ತು; ಉಳಿದದ್ದು ಭಾಗಾಕಾರ. 240 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಸೆಕೆಂಡಿಗೆ ಸುಮಾರು 240 ಮೀಟರ್, ಮೇಲಿನದಕ್ಕೆ ಸುಮಾರು 250 ಮೀಟರ್! ಒಂದೇ ಗಾಳಿಯಲ್ಲಿ ಎರಡು ವೇಗ ಏಕೆ? ಮೆಲ್ಲಗಿನ ಕಂಪನದಲ್ಲಿ ಕಾರ್ಬನ್ ಡೈಆಕ್ಸೈಡ್ ಅಣುಗಳ ಒಳಗಿನ ಬಾಗಾಟಕ್ಕೂ ಶಕ್ತಿ ಹರಿಯಲು ಸಮಯವಿರುತ್ತದೆ. ಕಂಪನ ತ್ವರಿತವಾದರೆ, ಅಷ್ಟು ವಿರಳವಾದ ಅನಿಲದಲ್ಲಿ ಆ ಸಮಯ ಸಿಗುವುದಿಲ್ಲ.

ಇನ್ನು ಒಂದು ಆಕ್ಷೇಪ. ಜನಪ್ರಿಯ ವಿವರಣೆಗಳಲ್ಲಿ 'ಮಂಗಳನ ಗಾಳಿ ತೆಳು, ಆದ್ದರಿಂದ ಶಬ್ದ ನಿಧಾನ' ಎಂಬ ಮಾತು ಬರುತ್ತದೆ. ಇದನ್ನು ತರಗತಿಗೆ ತರಬೇಡಿ. ಒತ್ತಡ ಇಳಿದಾಗ ಸಾಂದ್ರತೆಯೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ ವೇಗ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ತಾಪ ಮತ್ತು ಅಣುತೂಕ. ಶುಕ್ರನಲ್ಲೂ ಬಹುಪಾಲು ಕಾರ್ಬನ್ ಡೈಆಕ್ಸೈಡೇ. ಒತ್ತಡ ಭೂಮಿಯದರ 90 ಪಟ್ಟಿಗೂ ಹೆಚ್ಚು, ತಾಪ ಸುಮಾರು 460 ಡಿಗ್ರಿ ಸೆಲ್ಸಿಯಸ್, ಶಬ್ದದ ವೇಗ ಲೆಕ್ಕದಂತೆ ಸೆಕೆಂಡಿಗೆ ಸುಮಾರು 410 ಮೀಟರ್. ಟೈಟನ್‌ನ ಗಾಳಿ ನಮ್ಮದಕ್ಕಿಂತ ದಟ್ಟ, ಆದರೆ ಮೈನಸ್ 179 ಡಿಗ್ರಿಯ ಚಳಿ. ವೇಗ ಸುಮಾರು 194 ಮೀಟರ್ ಮಾತ್ರ. ತಾಪದ ಪಾತ್ರ ನಮ್ಮಲ್ಲೂ ಇದೆ. ಹೊನ್ನಾಳಿಯ ಹೊಳೆದಂಡೆಯಲ್ಲಿ 15 ಡಿಗ್ರಿಯ ಮುಂಜಾವಿನಲ್ಲಿ 340 ಮೀಟರ್ ಇರುವ ವೇಗ ಜಗಳೂರಿನ 35 ಡಿಗ್ರಿಯ ಮಧ್ಯಾಹ್ನ 352 ಆಗುತ್ತದೆ.

ಮಕ್ಕಳಿಗೆ ಒಂದು ಲೆಕ್ಕ ಕೊಡಿ. ನ್ಯಾಮತಿಯಲ್ಲಿ ಬಾರಿಸಿದ ಶಾಲೆಯ ಗಂಟೆ ಒಂದು ಕಿಲೋಮೀಟರ್ ಆಚೆ ಸುಮಾರು 3 ಸೆಕೆಂಡಿಗೆ ಮುಟ್ಟುತ್ತದೆ. ಮಂಗಳನಲ್ಲಿ? 4 ಸೆಕೆಂಡು ಎಂದವರಿಗೆ ಅಂಕ ಕೊಡುವ ಮುನ್ನ, ಅಲ್ಲಿ ಅದು ಕೇಳಿಸುತ್ತದೆಯೇ ಎಂದೂ ಕೇಳಿ. ಸಾವಿರ ಹರ್ಟ್ಸ್‌ಗೆ ಮೇಲ್ಪಟ್ಟ ಸದ್ದನ್ನು ಆ ಗಾಳಿ ಬೇಗನೆ ನುಂಗಿಬಿಡುತ್ತದೆ. ಇಂಜೆನ್ಯುಯಿಟಿ ಹೆಲಿಕಾಪ್ಟರಿನ 84 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ 2021ರಲ್ಲಿ 80 ಮೀಟರ್ ದೂರದಿಂದ ದಾಖಲಾದದ್ದೇ ವಿಜ್ಞಾನಿಗಳಿಗೆ ಅಚ್ಚರಿ ತಂದಿತ್ತು.